ಹೆಪ್ಪುಗಟ್ಟಲೊಲ್ಲದ ಅಯಸ್ಕಾಂತ

ನೀರನ್ನು ತಣಿಸಿದರೆ ಹೆಪ್ಪುಗಟ್ಟುವುದು ಎಲ್ಲರೂ ಬಲ್ಲ ಸಂಗತಿ. ಕಾಂತವಸ್ತುಗಳಿಗೂ ಅಂಥದೊಂದು ಹೆಪ್ಪುಗಟ್ಟುವಿಕೆ ಉಂಟು. ಅವುಗಳಲ್ಲಿನ ಕಾಂತಗುಣದ ಒಂದೊಂದು ಪರಮಾಣುವೂ ಸ್ಪಿನ್ ಎಂಬ ಧರ್ಮದಿಂದಾಗಿ ಪುಟ್ಟ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಬಿಸಿಯಲ್ಲಿ ದಿಕ್ಕೆಟ್ಟು ಕುಣಿಯುವ ಈ ಸೂಜಿಗಳು ತಂಪಾದಂತೆ ಸಾಲುಗಟ್ಟುತ್ತವೆ. ಕೆಲವು ವಸ್ತುಗಳಲ್ಲಿ ನೆರೆಹೊರೆಯ ಸೂಜಿಗಳು ಪರಸ್ಪರ ವಿರುದ್ಧ ದಿಕ್ಕಿಗೆ ನಿಲ್ಲುತ್ತವೆಂದು ಫ್ರಾನ್ಸಿನ ಲೂಯಿ ನೆಯೆಲ್ 1930ರ ದಶಕದಲ್ಲಿ ಊಹಿಸಿದರು. 1949ರಲ್ಲಿ ಅಮೆರಿಕದ ಶಲ್ ಮತ್ತು ಸ್ಮಾರ್ಟ್ ನ್ಯೂಟ್ರಾನುಗಳ ನೆರವಿನಿಂದ ಅದನ್ನು ದೃಢಪಡಿಸಿದರು.

ಮರುವರ್ಷವೇ ಗ್ರೆಗರಿ ವಾನಿಯೆ ಎಂಬವರ ಲೆಕ್ಕ ಒಂದು ತೊಡಕನ್ನು ಹೊರಗೆಡವಿತು. ವೈಮನಸ್ಯವಿರುವ ಇಬ್ಬರು ಬೇರೆ ಬೇರೆ ಕಡೆ ಮುಖ ಮಾಡಿ ನಿಂತರೆ ಅಲ್ಲಿಗೆ ಮುಗಿಯಿತು. ತ್ರಿಕೋನದ ಮೂಲೆಗೊಬ್ಬರಂತೆ ಮೂವರು ನಿಂತರೆ? ಒಬ್ಬ ಮೇಲ್ಮುಖ, ಇನ್ನೊಬ್ಬ ಕೆಳಮುಖ. ಮೂರನೆಯವನು ಯಾವ ಕಡೆ ತಿರುಗಿದರೂ ಇಬ್ಬರಲ್ಲೊಬ್ಬನೊಡನೆ ಸೇರಿಯೇ ತೀರಬೇಕು! ಇಂಥ ಸೂಜಿಗಳ ತ್ರಿಕೋನಜಾಲ ಎಷ್ಟು ತಣಿದರೂ ಒಂದು ವ್ಯವಸ್ಥೆಗೆ ಬಾರದು. 1951ರಲ್ಲಿ ಜಪಾನಿನ ಸ್ಯೋಜಿ, ತ್ರಿಕೋನಗಳು ಮೂಲೆಯಲ್ಲಷ್ಟೇ ಕೂಡುವ, ಇನ್ನೂ ಸಡಿಲವಾದ ಜಾಲವೊಂದನ್ನು ಪರಿಶೀಲಿಸಿದರು. ಅದಕ್ಕೆ ಬಂದ ಹೆಸರು 'ಕಾಗೊಮೆ', ಎಂದರೆ ಬುಟ್ಟಿಯ ಕಣ್ಣು. ಆರು ಮೂಲೆಯ ಕಣ್ಣುಗಳನ್ನು ಬಿಟ್ಟು ಹೆಣೆದ ಬಿದಿರ ಬುಟ್ಟಿಯನ್ನು ಕಂಡವರಿಗೆ ಬೇರೆ ಚಿತ್ರ ಬೇಕಿಲ್ಲ.

ಈ ಲೆಕ್ಕಗಳಲ್ಲಿ ಕ್ವಾಂಟಂ ತತ್ತ್ವಕ್ಕೆ ಎಡೆಯಿರಲಿಲ್ಲ. 1973ರಲ್ಲಿ ಅದನ್ನು ತಂದವರು ಫಿಲಿಪ್ ಆಂಡರ್ಸನ್. ಸೂಜಿಗಳು ಜೋಡಿಗೂಡುತ್ತವೆ, ಆದರೆ ಯಾವ ಜೋಡಿಯೂ ಶಾಶ್ವತವಲ್ಲ. ಎಲ್ಲ ಬಗೆಯ ಜೋಡಣೆಗಳೂ ಏಕಕಾಲದಲ್ಲಿ ಬೆರೆತಿರುತ್ತವೆ. ಆದುದರಿಂದ ನಿರಪೇಕ್ಷ ಶೂನ್ಯದಲ್ಲೂ ಅವು ದ್ರವದಂತೆ ಅಸ್ಥಿರ. ಬೆನ್ಜೀನಿನ ಬಂಧಗಳನ್ನು ಕುರಿತ ಪಾಲಿಂಗರ ವಿಚಾರವನ್ನು ಅವರು ಹೀಗೆ ಬೆಳೆಸಿದರು. ಅವರು ಆರಿಸಿದ್ದ ಸರಳ ತ್ರಿಕೋನಜಾಲ ಮಾತ್ರ, ಮುಂದಿನ ಲೆಕ್ಕಗಳ ಪ್ರಕಾರ, 120 ಡಿಗ್ರಿ ಕೋನದಲ್ಲಿ ಸಾಲುಗಟ್ಟಿಬಿಡುತ್ತದೆ. ಊರು ಸರಿ, ಮನೆ ತಪ್ಪು ಎನ್ನೋಣ.

ಸರಿಯಾದ ಮನೆ ಕಾಗೊಮೆಯಿರಬಹುದೆಂಬ ಆಸೆಗೆ ಆಧಾರವಾದದ್ದು ಚಿಲಿ ದೇಶದ ಹಸಿರು ಖನಿಜವೊಂದು. 2004ರಲ್ಲಿ ಅದಕ್ಕೆ ಬ್ರಿಟಿಷ್ ಖನಿಜತಜ್ಞ ಹರ್ಬರ್ಟ್ ಸ್ಮಿತ್ತರ ನೆನಪಿನಲ್ಲಿ ಹರ್ಬರ್ಟ್‌ಸ್ಮಿತೈಟ್ ಎಂದು ನಾಮಕರಣವಾಯಿತು. ಅದರಲ್ಲಿ ತಾಮ್ರದ ಪರಮಾಣುಗಳು ಬುಟ್ಟಿಯ ಹೆಣಿಗೆಯಂತಿವೆ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು 2005ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. 2007ರಲ್ಲಿ ನಿರಪೇಕ್ಷ ಶೂನ್ಯಕ್ಕಿಂತ 0.05 ಡಿಗ್ರಿಯಷ್ಟೇ ಮೇಲಿರುವಂತೆ ತಣಿಸಿದರೂ ಸೂಜಿಗಳು ಸಾಲುಗಟ್ಟಲಿಲ್ಲ.

ಸಂತೋಷದ ವಾರ್ತೆಯೇ. ಆದರೆ ಈ ಖನಿಜದಲ್ಲಿ ಸತುವೂ ಇದೆ. ಅದರ ಪರಮಾಣು ಗಾತ್ರದಲ್ಲಿ ತಾಮ್ರವನ್ನೇ ಹೋಲುವುದರಿಂದ ಸತುವಿನ ಜಾಗದಲ್ಲಿ ಅಲ್ಲಲ್ಲಿ ತಾಮ್ರ ಬಂದು ಕುಳಿತಿದೆ. ಹಾಗಾದರೆ ಕಾಣುವ ಅಶಾಂತಿ ಕ್ವಾಂಟಂ ಸ್ವಭಾವದ್ದೋ, ಬರಿಯ ಕಲಬೆರಕೆಯದೋ? ಪ್ರಶ್ನೆ ಕ್ಷುಲ್ಲಕವಲ್ಲ. 2015ರಲ್ಲಿ ಇಂಥದೇ ದ್ರವವೆಂದು ಹೆಸರಾದ ಇಟರ್ಬಿಯಂ-ಮೆಗ್ನೀಸಿಯಂ-ಗ್ಯಾಲಿಯಂ ಆಕ್ಸೈಡಿನ ಗತಿ ನೋಡಿ: ಅದರಲ್ಲಿ ಮೆಗ್ನೀಸಿಯಂ ಗ್ಯಾಲಿಯಂಗಳು ಅಡ್ಡಾದಿಡ್ಡಿಯಾಗಿ ಬೆರೆತಿರುವುದೇ ದ್ರವದ ತೋರಿಕೆಯನ್ನು ಹುಟ್ಟಿಸಬಲ್ಲದೆಂದು 2017ರಲ್ಲಿ ಲೆಕ್ಕಹಾಕಿ ತೋರಿಸಲಾಯಿತು. ಸಾಲುಗಟ್ಟಿದ್ದನ್ನು ತೋರಿಸುವುದು ಸುಲಭ. ಸಾಲುಗಟ್ಟಲೇ ಇಲ್ಲವೆಂಬುದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಹರ್ಬರ್ಟ್‌ಸ್ಮಿತೈಟಿನ ಹರಳನ್ನು ತಿಂಗಳುಗಟ್ಟಲೆ ಬೆಳೆಸಿ ನ್ಯೂಟ್ರಾನ್ ಪರೀಕ್ಷೆಗೆ ಒಡ್ಡಿದವರು 2012ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸಾಲುಗಟ್ಟಿದ ವಸ್ತುಗಳು ಕೊಡುವ ಚೂಪು ಗುರುತುಗಳ ಬದಲು ಅವರಿಗೆ ಕಂಡದ್ದು ಎಲ್ಲೆಡೆ ಹರಡಿದ ಮಸುಕು. ದ್ರವದಿಂದ ನಿರೀಕ್ಷಿಸಬೇಕಾದದ್ದೂ ಅದೇ. ಆ ಹರಳಿನಲ್ಲೂ ಸತುವಿನ ಕೆಲವು ಜಾಗಗಳಲ್ಲಿ ತಾಮ್ರ ಕುಳಿತಿತ್ತು.