ರಾಜದೂತ್ 350: ಕೊಳವೆಯಲ್ಲಿ ಕಟ್ಟಿಟ್ಟ ಶಕ್ತಿ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಸಾತಾರಾ ಮತ್ತು ಖಂಬಾಟ್ಕಿ ಘಾಟಿ ದಾಟಿ, ನೀರಾ ನದಿಯ ಆಚೆ ಭೋರ್ ತಾಲ್ಲೂಕನ್ನು ಹೊಗುತ್ತದೆ. ಕಾಪುರ್‌ಹೋಳದಲ್ಲಿ ಎಡಕ್ಕೆ ತಿರುಗಿದರೆ ಭೋರ್ ಪಟ್ಟಣ. 1948ರವರೆಗೆ ಅದು ಪಂತ್ ಸಚಿವ ಮನೆತನದ ಸಂಸ್ಥಾನ. ಅಲ್ಲಿಂದ ಮುಂದೆ ವರಂಧಾ ಘಾಟಿ, ಘಾಟಿಯ ಕೆಳಗೆ ಕೊಂಕಣದ ಮಹಾಡ್. ಹೀಗೆ ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ರಸ್ತೆಗಳಿವೆ. ಒಂದು, ವೇಗ ಹಿಡಿದು ಸಾಗಬಹುದಾದ ಹೆದ್ದಾರಿ. ಇನ್ನೊಂದು, ಮತ್ತೆ ಮತ್ತೆ ಗೇರು ಇಳಿಸಿ ಏರಿಸಬೇಕಾದ ತಿರುವುಗಳ ದಾರಿ. ಹಳೆಯ ಟೂ-ಸ್ಟ್ರೋಕ್ ಬೈಕಿನ ಸೈಲೆನ್ಸರ್ ಕಳಚಿ ಬೇರೆ ಎಕ್ಸಾಸ್ಟ್ ಹಾಕಿಸುವವರು ಈ ಎರಡರಲ್ಲಿ ಯಾವ ರಸ್ತೆಗಾಗಿ ಹಾಕಿಸುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಜೋರಾಗಿ ಎಬ್ಬಿಸಿದ್ದು ರಾಜದೂತ್ 350. ಯಮಾಹಾದ ಆರ್‌ಡಿ 350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಇಲ್ಲಿ ತಯಾರಿಸತೊಡಗಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಜಪಾನಿನ ಮೂಲ ಬೈಕಿನದು 39 ಅಶ್ವಶಕ್ತಿ. ಇಲ್ಲಿನದು 30.5ಕ್ಕೆ ಇಳಿಯಿತು, ಆಮೇಲೆ ಬಂದ 'ಲೋ ಟಾರ್ಕ್' ಮಾದರಿಯಲ್ಲಿ 27ಕ್ಕೆ. ಪೆಟ್ರೋಲ್ ಲೆಕ್ಕ ನೋಡುವ ಗಿರಾಕಿಗಳಿಗಾಗಿ ಶಕ್ತಿಯನ್ನು ಕಟ್ಟಿಹಾಕಿದ ಉಪಾಯಗಳಲ್ಲಿ ಮುಖ್ಯವಾದದ್ದು ಬಿಗಿಗೊಳಿಸಿದ ಎಕ್ಸಾಸ್ಟ್. ಹಾಗಾಗಿ ಕೊಂಡವರಿಗೆ ಒಂದು ಮಾತು ಬೇಗ ತಿಳಿಯಿತು: ಕಳೆದುಹೋದ ಕುದುರೆಗಳು ಕೊಳವೆಯೊಳಗಿವೆ.

ಟೂ-ಸ್ಟ್ರೋಕ್ ಎಂಜಿನ್ನಿನ ಮಟ್ಟಿಗೆ ಇದು ಬರೀ ಮಾತಲ್ಲ. ಅದರಲ್ಲಿ ಹೊಗೆ ಹೊರಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಬರುತ್ತದೆ, ಅದರಲ್ಲಿ ಒಂದು ಪಾಲು ಉರಿಯದೆಯೇ ಹೊರಗೆ ಸೋರುತ್ತದೆ. ಎಕ್ಸ್‌ಪ್ಯಾನ್ಷನ್ ಚೇಂಬರ್ ಎಂಬ ಹೊಟ್ಟೆ ಉಬ್ಬಿದ ಕೊಳವೆ ಈ ಸೋರಿಕೆಯನ್ನು ತಡೆಯುತ್ತದೆ. ಕೊಳವೆ ಅಗಲವಾಗುತ್ತ ಹೋಗುವಲ್ಲಿ ಹುಟ್ಟುವ ಅಲೆ ಸಿಲಿಂಡರಿನಿಂದ ಹೊಗೆಯನ್ನು ಎಳೆಯುತ್ತದೆ. ಕೊಳವೆ ಮತ್ತೆ ಕಿರಿದಾಗುವಲ್ಲಿ ಬಡಿದ ಅಲೆ, ಬಾವಿಯ ಗೋಡೆಗೆ ತಾಗಿದ ನೀರಿನಂತೆ ಹಿಂದಿರುಗಿ, ಸೋರಿದ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಕಿಂಡಿ ಮುಚ್ಚಬೇಕು. ಅಲೆ ಬೇಗ ಬಂದರೂ ತಡವಾದರೂ ಲಾಭವಿಲ್ಲ.

ಈ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡನ್. 1961ರಲ್ಲಿ ಅವನ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಲೀಟರಿಗೆ 200ರ ಲೆಕ್ಕ. ಅದೇ ವರ್ಷ ಸ್ವೀಡನ್ನಿನ ರೇಸಿಗೆ ಹೋದ ಎಂಜೆಡ್ ಸವಾರ ಅರ್ನ್ಸ್ಟ್ ಡೇಗ್ನರ್ ದೇಶ ಬಿಟ್ಟು ಪರಾರಿಯಾದ. ಕಾರ್ಖಾನೆಯ ಗುಟ್ಟು ಅವನ ಜೊತೆ ಜಪಾನಿನ ಸುಜುಕಿಗೆ ಹೋಯಿತು. 1962ರ 50 ಸಿಸಿ ವಿಶ್ವ ಪ್ರಶಸ್ತಿ ಡೇಗ್ನರ್ ಮತ್ತು ಸುಜುಕಿಯ ಪಾಲಾಯಿತು.

ಆದರೆ ರೇಸಿಗೆ ಹುಟ್ಟಿದ ಕೊಳವೆ ರಸ್ತೆಗೆ ಬಂದಾಗ ತನ್ನ ಗುಣ ಬಿಡುವುದಿಲ್ಲ. ಅದರ ಉದ್ದ ಒಂದು ಆರ್‌ಪಿಎಂ ಪಟ್ಟಿಗೆ ಮಾತ್ರ ಹೊಂದುತ್ತದೆ. ಎಂಜಿನ್ ಆ ಪಟ್ಟಿಯೊಳಗಿದ್ದರೆ ಬೈಕು ಹಾರುತ್ತದೆ. ಕೆಳಗಿಳಿದರೆ ಕಂಪನಿಯ ಸೈಲೆನ್ಸರಿನಷ್ಟೂ ಎಳೆಯುವುದಿಲ್ಲ. ಹೆದ್ದಾರಿಯಲ್ಲಿ ಸೊಗಸಾಗಿ ಓಡಿದ ಬೈಕು ವರಂಧಾದ ತಿರುವಿನಲ್ಲಿ ಮೊದಲು ಸೊರಗುತ್ತದೆ, ಮರುಕ್ಷಣ ಶಕ್ತಿಯೆಲ್ಲ ಒಮ್ಮೆಗೇ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಅದೂ ಎಂಥ ಬೈಕು? ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕಿತ್ತು, ನಮ್ಮದಕ್ಕೆ ಡ್ರಮ್. ಆರ್‌ಡಿ ಎಂದರೆ 'ರ‍್ಯಾಪಿಡ್ ಡೆತ್' ಎಂದು ಜನ ಬಿಡಿಸಿ ಹೇಳುತ್ತಿದ್ದುದು ಪೂರ್ತಿ ತಮಾಷೆಯಾಗಿರಲಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹೊಸ ಕೊಳವೆಯಿಂದ ಎಂಜಿನ್ ಉಸಿರಾಡುವ ರೀತಿ ಬದಲಾಗುತ್ತದೆ. ಕಾರ್ಬ್ಯುರೇಟರಿನ ಜೆಟ್ ಹಳೆಯದೇ ಉಳಿದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಓಡುವಾಗ ಎಂಜಿನ್ ಸೀಜ್ ಆದರೆ ಹಿಂದಿನ ಚಕ್ರವೂ ನಿಲ್ಲುತ್ತದೆ. ಕ್ಲಚ್ ಹಿಡಿಯಲು ಸವಾರನಿಗೆ ಸಿಗುವುದು ಕ್ಷಣಮಾತ್ರ. ಅದಕ್ಕೇ ಬಲ್ಲ ಮೆಕ್ಯಾನಿಕ್ ಕೊಳವೆ ಬಿಗಿದು ಕೈ ತೊಳೆದುಕೊಳ್ಳುವುದಿಲ್ಲ. ದೊಡ್ಡ ಜೆಟ್‌ನಿಂದ ಶುರುಮಾಡಿ, ಓಡಿಸಿ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ಪರೀಕ್ಷಿಸುತ್ತಾನೆ. ತಿಳಿ ಕಂದು ಬಂದರೆ ಸಮ, ಬಿಳಿ ಬಂದರೆ ಅಪಾಯ.

ಕರ್ನಾಟಕಕ್ಕೆ ಈ ನಾದ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿಗಳನ್ನು ಕಟ್ಟಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಅವುಗಳ ಗುರುತು. ಎಣ್ಣೆ ಉರಿದ ಮಸಿ ತೆಗೆಯಲು ಸೈಲೆನ್ಸರಿನ ಒಳಗೊಳವೆಯನ್ನು ಬಿಚ್ಚಿದವರು ಕೆಲವರು ಅದನ್ನು ಮತ್ತೆ ಹಾಕುತ್ತಲೇ ಇರಲಿಲ್ಲ. 1985ರಲ್ಲಿ ಬಂದ 98 ಸಿಸಿಯ ಆರ್‌ಎಕ್ಸ್ 100ಕ್ಕೂ ಅದೇ ಗತಿಯಾಯಿತು. ಶಬ್ದ ಜೋರಾದರೆ ಶಕ್ತಿಯೂ ಹೆಚ್ಚಿತೆಂಬ ನಂಬಿಕೆ ಹೀಗೆ ಬೇರೂರಿತು. ಅಲೆಯ ಲೆಕ್ಕ ತಪ್ಪಿದ ಖಾಲಿ ಕೊಳವೆ ಶಬ್ದವನ್ನಷ್ಟೇ ಹೆಚ್ಚಿಸುತ್ತದೆ.

ಕಾನೂನಿನಲ್ಲೂ ಇದೇ ಕೊಳವೆಯ ಹೆಸರಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ, ಎಕ್ಸ್‌ಪ್ಯಾನ್ಷನ್ ಚೇಂಬರಿನಿಂದಲೋ ಬೇರೆ ಉಪಾಯದಿಂದಲೋ, ಸದ್ದನ್ನು ಆದಷ್ಟು ತಗ್ಗಿಸುವ ಸೈಲೆನ್ಸರ್ ಇರಬೇಕು. ರೇಸಿನವರು ಶಕ್ತಿಗಾಗಿ ಬಳಸುವ ಪದವನ್ನು ಕಾನೂನು ಮೌನಕ್ಕಾಗಿ ಬಳಸಿದೆ. ಸದ್ದಿನ ಮಿತಿ ಮೀರಿದರೆ, 2019ರ ತಿದ್ದುಪಡಿಯ ಬಳಿಕ, ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸಿದ ದೃಶ್ಯ ಕರ್ನಾಟಕದ ಹಲವು ಊರುಗಳಲ್ಲಿ ಕಂಡಿದೆ.

ಎರಡೂ ಅರ್ಥ ಒಂದೇ ಕೊಳವೆಯಲ್ಲಿ ಕೂಡಿ ಬರಲು ಅಡ್ಡಿಯಿಲ್ಲ. ಚೇಂಬರಿನ ಬಾಲದ ಸಣ್ಣ ಕೊಳವೆಗೆ ಸದ್ದು ಹೀರುವ ಪದಾರ್ಥ ತುಂಬಿದ ಡಬ್ಬಿ ಜೋಡಿಸಿದರೆ ಅಲೆಯ ಲೆಕ್ಕ ಹೆಚ್ಚು ಕೆಡದೆ ಶಬ್ದ ತಗ್ಗುತ್ತದೆ. ಮಧ್ಯದ ಆರ್‌ಪಿಎಂಗೆ ಹೊಂದುವ ಉದ್ದ, ಅದಕ್ಕೆ ತಕ್ಕ ಜೆಟ್, ಚೆನ್ನಾಗಿ ಹಿಡಿಯುವ ಬ್ರೇಕು: ರಸ್ತೆಯ ಬೈಕಿಗೆ ಬೇಕಾದ್ದು ಇಷ್ಟು. ಹಾಗೆ ಸಜ್ಜಾದ ಹಳೆಯ ಆರ್‌ಡಿ ಭೋರ್ ಪೇಟೆಯನ್ನು ಯಾರ ನಿದ್ದೆಯನ್ನೂ ಕೆಡಿಸದೆ ದಾಟಿ ಘಾಟಿ ಏರಬಲ್ಲದು.