ತಿಂಗಳಿಗೊಂದೇ ಚಿತ್ರ

ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದಾಗ ಒಂದು ಶನಿವಾರ ನ್ಯಾಷನಲ್ ಗ್ಯಾಲರಿ ನೋಡೋಕೆ ಹೋದೆ. ಕೋಣೆ ತುಂಬಾ ಚಿತ್ರ. ಎರಡು ಗಂಟೆಗೆಲ್ಲ ಕಾಲು ಸೋತವು, ಕಣ್ಣು ಅದಕ್ಕೂ ಮೊದಲೇ ಸೋತಿತ್ತು. ಇದೇ ಕಟ್ಟಡದಲ್ಲಿ ಒಂದು ಕಾಲಕ್ಕೆ ತಿಂಗಳಿಗೊಂದೇ ಹಳೇ ಚಿತ್ರ ತೋರಿಸ್ತಿದ್ರು, ಅದಕ್ಕೇ ಜನ ಬರ್ತಿದ್ರು ಅಂತ ರೂಮಿಗೆ ಬಂದು ಓದಿದಾಗ ಆಶ್ಚರ್ಯವಾಯ್ತು.

1939ರಲ್ಲಿ ಯುದ್ಧ ಘೋಷಣೆಯಾಗುವ ಹೊತ್ತಿಗೆ ಗ್ಯಾಲರಿಯ ಚಿತ್ರಗಳು ಲಂಡನ್ ಬಿಟ್ಟಿದ್ದವು. 1941ರಲ್ಲಿ ಅವು ವೇಲ್ಸಿನ ಮಾನೋಡ್ ಬೆಟ್ಟದ ಸ್ಲೇಟ್ ಗಣಿ ಸೇರಿದವು. ದೊಡ್ಡ ಚಿತ್ರಗಳು ಹಿಡಿಸಲಿ ಅಂತ ಸಿಡಿಮದ್ದಿಟ್ಟು ಗಣಿಯ ಬಾಯಿ ಅಗಲ ಮಾಡಿದ್ರು. ಇತ್ತ ಖಾಲಿ ಗ್ಯಾಲರಿಯಲ್ಲಿ ಪಿಯಾನೋ ಕಲಾವಿದೆ ಮೈರಾ ಹೆಸ್ ಮಧ್ಯಾಹ್ನದ ಸಂಗೀತ ಕಛೇರಿ ಶುರು ಮಾಡಿದ್ರು. ಟಿಕೆಟ್ಟು ಒಂದು ಶಿಲ್ಲಿಂಗ್. ಯುದ್ಧದ ಬಗ್ಗೆ ಆಗಿನ ಕಲಾವಿದರು ಬರೆದ ಚಿತ್ರಗಳ ತಾತ್ಕಾಲಿಕ ಪ್ರದರ್ಶನಗಳೂ ನಡೆದವು. ಕಟ್ಟಡದ ಮೇಲೂ ಬಾಂಬು ಬಿತ್ತು, ಸಂಗೀತ ಮುಂದುವರಿಯಿತು.

1942ರ ಜನವರಿಯಲ್ಲಿ ಟೈಮ್ಸ್ ಪತ್ರಿಕೆಗೊಂದು ಪತ್ರ ಬಂತು. ಊರು ಹಾಳಾಗಿರುವಾಗಲೇ ಚೆಂದದ್ದನ್ನು ನೋಡೋ ಅಗತ್ಯ ಜಾಸ್ತಿ, ಹಳೇ ಚಿತ್ರಗಳನ್ನೂ ತೋರಿಸಿ ಅನ್ನೋದು ಅದರ ಸಾರ. ನಿರ್ದೇಶಕ ಕೆನೆತ್ ಕ್ಲಾರ್ಕ್ ಒಪ್ಪಿದ್ರು. ಗಣಿಯಿಂದ ತಿಂಗಳಿಗೊಂದು ಚಿತ್ರ ತರಿಸೋದು ಅಂತಾಯ್ತು. ಜನ ಕೇಳಿದ್ದಕ್ಕೆ ಮೊದಲು ಬಂದದ್ದು ಟಿಷಿಯನ್‌ನ 'ನೋಲಿ ಮೆ ತಾಂಜೆರೆ'. 'ನನ್ನನ್ನು ಮುಟ್ಟಬೇಡ' ಅಂತ ಅರ್ಥ. ಸತ್ತು ಎದ್ದುಬಂದ ಕ್ರಿಸ್ತನತ್ತ ಮಗ್ದಲದ ಮರಿಯಳು ಕೈ ಚಾಚುವ ಕ್ಷಣ. ಬಾಂಬಿಗೆ ತಮ್ಮವರನ್ನು ಕಳೆದುಕೊಂಡ ಊರು ಅದನ್ನೇ ಯಾಕೆ ಕೇಳಿತು ಅಂತ ಊಹಿಸೋದು ಕಷ್ಟವಲ್ಲ.

ನನ್ನ ಕೆಲಸ ಡೇಟಾ ಕಾಯೋದು. ಸರ್ವರ್ ಬಿದ್ದರೂ ಬ್ಯಾಕಪ್ ಇರುತ್ತೆ. ಟಿಷಿಯನ್ ಚಿತ್ರಕ್ಕೆಲ್ಲಿಯ ಬ್ಯಾಕಪ್? ನನ್ನನ್ನು ಕೇಳಿದ್ದರೆ ಗಣಿಯಲ್ಲೇ ಇರಲಿ ಅಂತಿದ್ದೆ.

ಆದರೆ ನಮ್ಮೂರ ದೇವರ ಬೆಳ್ಳಿ ಮುಖವಾಡ ನೆನಪಾಯ್ತು. ವರ್ಷವಿಡೀ ಬೀಗದೊಳಗಿರುತ್ತೆ, ಜಾತ್ರೆ ದಿನ ಮಾತ್ರ ಹೊರಗೆ. ಪಕ್ಕದೂರಲ್ಲಿ ಕಳ್ಳತನವಾದ ವರ್ಷ, ಈ ಸಲ ತೆಗೆಯೋದು ಬೇಡ ಅಂತ ಕೆಲವರು ಹೇಳಿದ್ರು. ಅಜ್ಜಿ ಅಂದಿದ್ದು ಇಷ್ಟೇ: "ಪೆಟ್ಟಿಗೇಲೇ ಇದ್ರೆ ಅದು ಬರೀ ಬೆಳ್ಳಿ ಕಣಪ್ಪಾ." ಮುಖವಾಡ ಹೊರಗೆ ಬಂತು.

ಮುಂದಿನ ಶನಿವಾರ ಮತ್ತೆ ಗ್ಯಾಲರಿಗೆ ಹೋದೆ. ಟಿಷಿಯನ್‌ನ ಆ ಒಂದು ಚಿತ್ರ ನೋಡಿದೆ, ವಾಪಸ್ ಬಂದೆ.