ಬಣ್ಣ ಎಲ್ಲಿಗೆ ಹೋಯ್ತು?

ಹೋದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ, ಮೂಡಿಗೆರೆಯ ನಮ್ಮ ಮನೆಯ ಕಣದಲ್ಲಿ ಅಜ್ಜಿಗೆ ಒಂದು ಪ್ರಯೋಗ ತೋರಿಸಿದೆ. ಗಾಜಿನ ಲೋಟದಲ್ಲಿ ಮಿಥಿಲೀನ್ ಬ್ಲೂ ಬೆರೆಸಿದ ನೀಲಿ ನೀರು. ಅದಕ್ಕೆ ಕಾಫಿ ಹೊಟ್ಟಿನಿಂದ ಮಾಡಿದ ಇದ್ದಿಲ ಪುಡಿ. ಕಲಕಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಸೋಸಿದರೆ ನೀರು ತಿಳಿ. ನನ್ನ ಪಿಎಚ್‌ಡಿ ವಿಷಯವೇ ಇದು. ಅಜ್ಜಿ ಲೋಟವನ್ನು ಬೆಳಕಿಗೆ ಹಿಡಿದು ಕೇಳಿದರು: “ಬಣ್ಣ ಎಲ್ಲಿಗೆ ಹೋಯ್ತು ಮಗಾ?”

ಈ ಪ್ರಶ್ನೆಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಹುಣಸೆಹಣ್ಣಿಗೆ ಹುಳಿ ಕೊಡುವುದು ಟಾರ್ಟಾರಿಕ್ ಆಮ್ಲ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಟೋಬಿಯಸ್ ಲೋವಿಟ್ಸ್ ಅದರ ಕಂದು ದ್ರಾವಣಕ್ಕೆ ಇದ್ದಿಲು ಹಾಕಿದಾಗ ಬಣ್ಣ ಹೋದದ್ದನ್ನು ಕಂಡ. ಮುಂದೆ ಸಕ್ಕರೆ ಕಾರ್ಖಾನೆಗಳು ಇದೇ ಉಪಾಯ ಬಳಸಿದವು. ಆದರೆ ಇದ್ದಿಲು ಬಣ್ಣವನ್ನು ನಾಶಮಾಡುವುದಿಲ್ಲ. ತನ್ನ ಸಣ್ಣ ರಂಧ್ರಗಳ ಮೈಗೆ ಅಂಟಿಸಿಕೊಳ್ಳುತ್ತದೆ.

1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಪಡೆದ. ಕೃತಕ ಬಣ್ಣಗಳ ಕಾಲ ಶುರುವಾಯಿತು. ಸರಿಯಾಗಿ ನೂರು ವರ್ಷದ ನಂತರ, 1956ರಲ್ಲಿ, ಹತ್ತಿಯ ಎಳೆಯನ್ನೇ ರಾಸಾಯನಿಕವಾಗಿ ಹಿಡಿದುಕೊಳ್ಳುವ ‘ರಿಯಾಕ್ಟಿವ್’ ಬಣ್ಣಗಳು ಮಾರುಕಟ್ಟೆಗೆ ಬಂದವು. ಬಟ್ಟೆಗೆ ಹಿಡಿದದ್ದು ಸುಲಭಕ್ಕೆ ಬಿಡುವುದಿಲ್ಲ. ಹಿಡಿಯದೆ ಉಳಿದದ್ದು ನೀರಿನಲ್ಲಿ ಹರಿದುಹೋಗುತ್ತದೆ. ಬಿಸಿಲಿಗೂ ಸೋಪಿಗೂ ಜಗ್ಗದಂತೆ ಮಾಡಿದ ಬಣ್ಣ ಹೊಳೆಯಲ್ಲೂ ಬೇಗ ಕೊಳೆಯುವುದಿಲ್ಲ.

ಬಣ್ಣವನ್ನು ಒಡೆಯುವ ದಾರಿಯೂ ಹುಣಸೆಯ ಆಮ್ಲದಿಂದಲೇ ತೆರೆಯಿತು. 1894ರಲ್ಲಿ ಹೆನ್ರಿ ಫೆಂಟನ್, ಕಬ್ಬಿಣದ ಲವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಟಾರ್ಟಾರಿಕ್ ಆಮ್ಲ ಉತ್ಕರ್ಷಣಗೊಳ್ಳುತ್ತದೆಂದು ವರದಿ ಮಾಡಿದ. ಅದೇ ಕ್ರಿಯೆ ಇಂದು ಬಣ್ಣದ ಅಣುಗಳನ್ನು ಮುರಿಯುತ್ತದೆ. ಕೊನೆಗೆ ಕಬ್ಬಿಣದ ಕೆಸರು ಉಳಿಯುತ್ತದೆ.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಅಲ್ಲಿನ ಬಣ್ಣದ ನೀರು ಸೇರುತ್ತಿದ್ದ ನೊಯ್ಯಲ್ ಹೊಳೆ ಹೋಗಿ ಕೂಡುವುದು ಕಾವೇರಿಯನ್ನು. ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸೇರುವುದೂ ಅದೇ ಕಾವೇರಿಯನ್ನು. ಹನಿ ನೀರನ್ನೂ ಹೊರಗೆ ಬಿಡಬಾರದೆಂಬ ನಿಯಮಕ್ಕೆ ಒಳಪಟ್ಟ ಘಟಕಗಳು ಈಗ ನೀರನ್ನು ಪೊರೆಗಳಲ್ಲಿ ಸೋಸಿ, ಉಳಿದದ್ದನ್ನು ಆವಿ ಮಾಡಿ, ನೀರನ್ನು ಮತ್ತೆ ಬಳಸುತ್ತವೆ. ಅಲ್ಲೂ ಕೊನೆಗೆ ಉಪ್ಪು, ಕೆಸರು ಗುಡ್ಡೆಯಾಗುತ್ತವೆ.

ಇಷ್ಟೆಲ್ಲವನ್ನು ಅಜ್ಜಿಗೆ ಹೇಳಲಿಲ್ಲ. ಸೋಸಿದ ಬಟ್ಟೆಯಲ್ಲಿದ್ದ ಕರಿಪುಡಿ ತೋರಿಸಿ, “ಇದರೊಳಗಿದೆ ಅಜ್ಜಿ” ಎಂದೆ.

“ಹಾಗಾದ್ರೆ ಅದನ್ನ ಗೊಬ್ಬರದ ಗುಂಡಿಗೆ ಹಾಕು.”

ನಮ್ಮ ಮನೆಯಲ್ಲಿ ಕಾಫಿ ಹೊಟ್ಟು ಗೊಬ್ಬರವಾಗಿ ತೋಟಕ್ಕೇ ಮರಳುತ್ತದೆ. ಇದು ಮಾತ್ರ ಮರಳುವಂತಿಲ್ಲ. ಮಳೆಗಾಲ ಬಂದರೆ ಬಣ್ಣ ಹಳ್ಳಕ್ಕಿಳಿಯಬಹುದು. ಇದ್ದಿಲನ್ನು ಮತ್ತೆ ಕಾಯಿಸಿ ಶುದ್ಧಮಾಡಬೇಕು, ಇಲ್ಲವೇ ಜೋಪಾನವಾಗಿ ಸುಡಬೇಕು. ನನ್ನ ಪ್ರಬಂಧದಲ್ಲಿ ಎಷ್ಟು ಬಣ್ಣ ಹೀರಿತು ಎಂಬುದಕ್ಕೆ ಮೂರು ಅಧ್ಯಾಯಗಳಿದ್ದವು. ಹೀರಿದ ಮೇಲೆ ಏನು ಎಂಬುದಕ್ಕೆ ಒಂದು ಪುಟ. ಈಗ ಆ ಪುಟವನ್ನು ಅಧ್ಯಾಯ ಮಾಡುತ್ತಿದ್ದೇನೆ. ಕರಿಪುಡಿ ಡಬ್ಬಿಯಲ್ಲಿ ಮುಚ್ಚಿಕೊಂಡು ಇನ್ನೂ ನನ್ನ ಮೇಜಿನ ಮೇಲಿದೆ.